ಅಗೆದ ರಸ್ತೆಯೂ ರಸ್ತೆಯೇ

ಹೋದ ವಾರದಿಂದ ನಮ್ಮ ಕಾಲೇಜಿನ ಹೆಚ್ಚುಕಮ್ಮಿ ಎಲ್ಲ ವಾಟ್ಸಾಪ್ ಗ್ರೂಪ್‌ಗಳಲ್ಲೂ ಒಂದು ಮನವಿಪತ್ರ ಓಡಾಡ್ತಾ ಇದೆ. ಹಿಂಗೇಟಿನ ರಸ್ತೆಯ ಕಾಮಗಾರಿ ಬಗ್ಗೆ. ನೀವೂ ನೋಡಿರ್ತೀರಿ, ಬಹುಶಃ ಸಹಿಯನ್ನೂ ಹಾಕಿರ್ತೀರಿ. ಅದರಲ್ಲಿ ಎರಡು ಬೇಡಿಕೆಗಳಿವೆ. ಒಂದು, ಕೆಲಸ ಬೇಗ ಮುಗಿಸಿ. ಎರಡು, ಹೊಸ ನಕ್ಷೆಯಲ್ಲಿರುವ ಅಗಲವಾದ ಫುಟ್‌ಪಾತನ್ನು ಕಿರಿದು ಮಾಡಿ, ಉಳಿದ ಜಾಗದಲ್ಲಿ ಗಾಡಿಗಳಿಗೆ ಇನ್ನೊಂದು ಲೇನ್ ಕೊಡಿ.

ಮೊದಲನೆಯದಕ್ಕೆ ನಮ್ಮ ಸಹಿ ಇದೆ. ಎರಡನೆಯದಕ್ಕೆ ಇಲ್ಲ. ಯಾಕಿಲ್ಲ ಅಂತ ಗ್ರೂಪಿನಲ್ಲಿ ಒಂದೊಂದೇ ಮೆಸೇಜ್ ಹಾಕಿ ಜಗಳ ಆಡೋದಕ್ಕಿಂತ, ಇಲ್ಲೇ ಒಂದು ಕಡೆ ಕೂತು ಬರೆದರೆ ವಾಸಿ ಅನ್ನಿಸಿತು. ಓದಿ, ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ಹಾಕ್ತೀವಿ.

ಮೊದಲು ಒಂದು ಮಾತು: ಕೋಪ ಸರಿಯಾಗೇ ಇದೆ. ನಾವು ಯುಗಾದಿ ರಜೆ ಮುಗಿಸಿಕೊಂಡು ಬಂದಾಗ ಗೇಟಿನ ಎದುರು ಜೆಸಿಬಿ ನಿಂತಿತ್ತು. ಈಗ ದಸರಾ ಬಂತು. ಮೊದಲು ಎಡಗಡೆ ಅಗೆದರು. ಅದು ಮುಗಿಯೋ ಮೊದಲೇ ಬಲಗಡೆ ಅಗೆದರು. ಆ ಕಡೆಗೆ ಎರಡು, ಈ ಕಡೆಗೆ ಎರಡು ಅಂತ ಇದ್ದ ನಾಲ್ಕು ಲೇನ್‌ನಲ್ಲಿ ಈಗ ಉಳಿದಿರೋದು ಒಂದೊಂದು. ಬಸ್ ಸ್ಟಾಪ್ ಎಲ್ಲಿಗೆ ಹೋಯ್ತು ಅಂತ ಕಂಡಕ್ಟರಿಗೇ ಗೊತ್ತಿಲ್ಲ. ಎಂಟೂಮುಕ್ಕಾಲಿಗೆ ಸರ್ಕಲ್ ದಾಟಿದವರು ಒಂಬತ್ತೂಕಾಲಿಗೆ ಕ್ಲಾಸಿನ ಬಾಗಿಲಲ್ಲಿ ನಿಂತು ಬೈಸಿಕೊಳ್ತಾರೆ. ಅಟೆಂಡೆನ್ಸ್ 85%ಕ್ಕಿಂತ ಕೆಳಗೆ ಬಿದ್ದರೆ ಏನಾಗುತ್ತೆ ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಹಿಂಗೇಟಿನ ಟೀ ಅಂಗಡಿ ಅಣ್ಣನ ಕಥೆ ಇನ್ನೂ ಕಷ್ಟ. ಅಂಗಡಿಗೂ ರಸ್ತೆಗೂ ನಡುವೆ ಎದೆಮಟ್ಟದ ಕಾಲುವೆ. ಅದರ ಮೇಲೆ ಎರಡು ಹಲಗೆ. ಹಲಗೆ ದಾಟಿ ಬರೋರು ನಾವು ಸ್ಟೂಡೆಂಟ್ಸ್ ಅಷ್ಟೇ. ಪಕ್ಕದ ಅಪಾರ್ಟ್‌ಮೆಂಟಿನ ಅಜ್ಜಿಯಂದಿರು ಸೊಪ್ಪು ತಗೊಳ್ಳೋಕೂ ಈ ಕಡೆ ಬರೋದು ಬಿಟ್ಟಿದ್ದಾರೆ. "ರಸ್ತೆ ಚೆನ್ನಾಗಾಗ್ಲಿ ಅಂತ ನನಗೂ ಆಸೆನೇ, ಆದ್ರೆ ಅಲ್ಲೀತನಕ ನಾನು ಇರ್ಬೇಕಲ್ಲಪ್ಪ" ಅಂದರು ಅಣ್ಣ. ಈ ಮಾತನ್ನು ಮನಸ್ಸಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರ್ತೀವಿ.

ಇನ್ನೊಂದು ಘಟನೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕಳೆದ ತಿಂಗಳು ಒಂದು ಸಂಜೆ ಕರೆಂಟ್ ಹೋಗಿದ್ದಾಗ, ನಮ್ಮ ಕ್ಲಬ್ಬಿನದೇ ಸೆಕೆಂಡ್ ಇಯರ್ ಹುಡುಗಿಯೊಬ್ಬಳು ಮುಚ್ಚಳವಿಲ್ಲದ ಚೇಂಬರಿಗೆ ಕಾಲಿಟ್ಟು ಪಾದದ ಮೂಳೆ ಮುರಿದುಕೊಂಡಳು. ಮೂರು ವಾರ ಪ್ಲಾಸ್ಟರ್, ಎರಡು ಲ್ಯಾಬ್ ಇಂಟರ್ನಲ್ಸ್ ಹೋದವು. ಅವಳು ಗಾಡಿಯಲ್ಲಿರಲಿಲ್ಲ. ಬಸ್ ಇಳಿದು ನಡೆದು ಬರ್ತಾ ಇದ್ದಳು. ಫುಟ್‌ಪಾತ್ ಇಲ್ಲದ್ದರಿಂದ ರಸ್ತೆಯ ಅಂಚಿನಲ್ಲಿ, ಎದುರಿನಿಂದ ಬರೋ ಹೆಡ್‌ಲೈಟ್ ಬೆಳಕಲ್ಲಿ ದಾರಿ ಹುಡುಕಿಕೊಂಡು.

ಈಗ ಆ ಮನವಿಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ನಾವು ಎಣಿಸಿದೆವು. "ವಾಹನ" ಅನ್ನೋ ಪದ ಅದರಲ್ಲಿ ಹದಿನಾಲ್ಕು ಸಲ ಬಂದಿದೆ. "ನಡೆಯುವವರು" ಅಂತ ಒಂದು ಸಲವೂ ಇಲ್ಲ. ನಮ್ಮ ತಕರಾರು ಶುರುವಾಗೋದೇ ಇಲ್ಲಿಂದ.

ಒಂದು ಲೇನ್ ಹೋದರೆ ಇಷ್ಟೊಂದು ಯಾಕೆ ಕಟ್ಟಿಕೊಳ್ಳುತ್ತೆ?

"ಅರ್ಧ ರಸ್ತೆ ಮುಚ್ಚಿದ್ರೆ ಸಮಯ ಎರಡು ಪಟ್ಟು ಆಗ್ಬೇಕು, ಅಷ್ಟೇ ಅಲ್ವಾ" ಅಂತ ಒಬ್ಬ ಗೆಳೆಯ ಕೇಳಿದ. ಅಷ್ಟು ಸುಲಭ ಇಲ್ಲ. ಸಿವಿಲ್‌ನವರಿಗೆ ಟ್ರಾನ್ಸ್‌ಪೋರ್ಟೇಶನ್ ಪೇಪರಿನಲ್ಲಿ ಬರುವ ಬಿಪಿಆರ್ ಸೂತ್ರ ನೆನಪಿರಬಹುದು. ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟದ್ದು. ಬೇರೆ ಬ್ರಾಂಚಿನವರಿಗಾಗಿ ಒಂದೇ ಸಾಲಿನಲ್ಲಿ ಹೇಳೋದಾದರೆ: ರಸ್ತೆಗೆ ಬರುವ ಗಾಡಿಗಳ ಪ್ರಮಾಣವನ್ನು ರಸ್ತೆಯ ಸಾಮರ್ಥ್ಯದಿಂದ ಭಾಗಿಸಿ, ಬಂದ ಸಂಖ್ಯೆಯ ನಾಲ್ಕನೇ ಘಾತ ತೆಗೆದು, 0.15ರಿಂದ ಗುಣಿಸಿ. ಖಾಲಿ ರಸ್ತೆಯಲ್ಲಿ ಹಿಡಿಯುವ ಸಮಯಕ್ಕಿಂತ ಎಷ್ಟು ಪಾಲು ಹೆಚ್ಚು ಹಿಡಿಯುತ್ತೆ ಅನ್ನೋದು ಸಿಗುತ್ತೆ.

ಲೆಕ್ಕ ಹಾಕೋಣ. ರಸ್ತೆ ತನ್ನ ಸಾಮರ್ಥ್ಯದ 80% ತುಂಬಿದೆ ಅಂದುಕೊಳ್ಳಿ. 0.8ರ ನಾಲ್ಕನೇ ಘಾತ 0.41. ವಿಳಂಬ ಸುಮಾರು 6%. ಗಮನಕ್ಕೇ ಬರಲ್ಲ. ಈಗ ಅರ್ಧ ರಸ್ತೆ ಮುಚ್ಚಿ, ಗಾಡಿ ಅಷ್ಟೇ ಇರಲಿ. ಅನುಪಾತ 1.6 ಆಗುತ್ತೆ. ಅದರ ನಾಲ್ಕನೇ ಘಾತ 6.55. ವಿಳಂಬ 98%. ಅಂದರೆ ರಸ್ತೆ ಅರ್ಧ ಆಯ್ತು, ವಿಳಂಬ ಹದಿನಾರು ಪಟ್ಟಾಯ್ತು.

ಈ ಸೂತ್ರ ನಮ್ಮ ಬೈಕು, ಆಟೋ, ಬಸ್ಸು, ತಳ್ಳುಗಾಡಿ ಎಲ್ಲ ಕಲಸಿದ ಸಂಚಾರಕ್ಕೆ ಪೂರ್ತಿ ಹೊಂದೋದಿಲ್ಲ, ಸಿಗ್ನಲ್ಲಿನ ಹಿಂದೆ ಬೆಳೆಯುವ ಸಾಲನ್ನೂ ಅದು ಸರಿಯಾಗಿ ಹಿಡಿಯೋದಿಲ್ಲ. ವಾಸ್ತವದಲ್ಲಿ ಇನ್ನೂ ಕೆಟ್ಟದಾಗಿರುತ್ತೆ. ಆದರೆ ದಿಕ್ಕನ್ನು ತೋರಿಸುತ್ತೆ. ಮುಖ್ಯವಾದ ವಿಷಯ ಅದರ ಇನ್ನೊಂದು ತುದಿಯಲ್ಲಿದೆ. ಅದೇ ಅರ್ಧ ಮುಚ್ಚಿದ ರಸ್ತೆಗೆ, ಬರುವ ನಾಲ್ಕು ಗಾಡಿಗಳಲ್ಲಿ ಒಂದು ಬರದೇ ಹೋಯ್ತು ಅಂದುಕೊಳ್ಳಿ. ಅನುಪಾತ 1.2ಕ್ಕೆ ಇಳಿಯುತ್ತೆ. ವಿಳಂಬ 98%ನಿಂದ 31%ಕ್ಕೆ ಬರುತ್ತೆ. ನಾಲ್ಕರಲ್ಲಿ ಒಂದು ಗಾಡಿ ಕಡಿಮೆಯಾದರೆ ಸಂಕಟದ ಮೂರರಲ್ಲಿ ಎರಡು ಪಾಲು ಹೋಗುತ್ತೆ. ಹಾಗಾಗಿ ಕೆಲಸ ನಡೆಯುವ ತಿಂಗಳುಗಳಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು ಲೇನ್ ಎಲ್ಲಿಂದ ತರೋದು ಅಂತಲ್ಲ. ಆ ನಾಲ್ಕರಲ್ಲಿ ಒಂದನ್ನು ಕಡಿಮೆ ಮಾಡೋದು ಹೇಗೆ ಅಂತ.

ಅಷ್ಟಗಲ ಫುಟ್‌ಪಾತ್ ಯಾಕೆ?

ಮನವಿಪತ್ರದ ಎರಡನೇ ಬೇಡಿಕೆಗೆ ಬರೋಣ. ಬೆಂಗಳೂರಿಗೆ ಈ ವಾದ ಹೊಸದಲ್ಲ. ಟೆಂಡರ್‌ಶ್ಯೂರ್ ಅನ್ನೋ ಹೆಸರು ಕೇಳಿರ್ತೀರಿ. ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರಿಚ್ಮಂಡ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಮ್ಯೂಸಿಯಂ ರಸ್ತೆ, ಕಮಿಸ್ಸರಿಯೇಟ್ ರಸ್ತೆ, ಈ ಏಳು ರಸ್ತೆಗಳನ್ನು ಮೊದಲ ಹಂತದಲ್ಲಿ ಆ ಮಾದರಿಯಲ್ಲಿ ಮರುನಿರ್ಮಾಣ ಮಾಡಿದರು. ಆಗಲೂ ಇದೇ ಕೂಗು: ಫುಟ್‌ಪಾತ್ ಇಷ್ಟು ದೊಡ್ಡದು ಮಾಡಿ ರಸ್ತೆ ಕಿರಿದು ಮಾಡಿದ್ರು, ಗಾಡಿ ಎಲ್ಲಿ ಹೋಗ್ಬೇಕು?

ಆ ಮಾದರಿಯ ಹಿಂದೆ ಎರಡು ವಿಚಾರಗಳಿವೆ. ಎರಡೂ ಸರಳ.

ಮೊದಲನೆಯದು, ನೆಲದ ಕೆಳಗಿನದು. ನಮ್ಮೂರಿನ ರಸ್ತೆಯ ಕೆಳಗೆ ನೀರಿನ ಪೈಪು, ಯುಜಿಡಿ ಲೈನು, ಕರೆಂಟಿನ ಕೇಬಲ್ಲು, ಇಂಟರ್ನೆಟ್ಟಿನ ಒಎಫ್‌ಸಿ, ಕೆಲವು ಕಡೆ ಗ್ಯಾಸ್ ಪೈಪು, ಮಳೆನೀರಿನ ಮೋರಿ, ಎಲ್ಲ ಇವೆ. ಒಂದೊಂದಕ್ಕೆ ಒಂದೊಂದು ಇಲಾಖೆ. ಡಾಂಬರು ಹಾಕಿದ ಮರುತಿಂಗಳು ಯಾರಾದರೊಬ್ಬರು ಬಂದು ಅಗೆಯೋದು ಅದಕ್ಕೇ. ಈ ಪೈಪು ಕೇಬಲ್ಲುಗಳನ್ನೆಲ್ಲ ರಸ್ತೆಯ ನಡುವಿನಿಂದ ಅಂಚಿಗೆ ತಂದು, ಫುಟ್‌ಪಾತ್ ಕೆಳಗೆ ಡಕ್ಟ್‌ಗಳಲ್ಲಿ ಜೋಡಿಸಿ, ಅಲ್ಲಲ್ಲಿ ಚೇಂಬರ್ ಬಿಟ್ಟರೆ, ಮುಂದೆ ರಿಪೇರಿಗೆ ಸ್ಲ್ಯಾಬ್ ಎತ್ತಿದರೆ ಸಾಕು. ರಸ್ತೆಯನ್ನು ಮುಟ್ಟಬೇಕಾಗಿಲ್ಲ. ಇಷ್ಟನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಫುಟ್‌ಪಾತ್‌ಗೆ ಅಗಲ ಬೇಕು. ಹಿಂಗೇಟಿನ ಹೊಸ ನಕ್ಷೆಯಲ್ಲೂ ಅದೇ ಇದೆ. ಫುಟ್‌ಪಾತ್ ಕಿರಿದು ಮಾಡಿ ಅಂದರೆ, ಒಂದಷ್ಟು ಕೇಬಲ್ಲನ್ನು ಮತ್ತೆ ಡಾಂಬರಿನ ಕೆಳಗೆ ಹಾಕಿ ಅಂತಲೇ ಅರ್ಥ. ಈ ಆರು ತಿಂಗಳ ಕಷ್ಟವನ್ನು ಮತ್ತೆ ಮತ್ತೆ ಪಡೋಕೆ ನಾವೇ ಸಹಿ ಹಾಕಿಕೊಟ್ಟ ಹಾಗೆ.

ಎರಡನೆಯದು, ಲೇನಿನ ಲೆಕ್ಕ. ಹಳೇ ರಸ್ತೆ ಹೇಗಿತ್ತು ನೆನಪಿಸಿಕೊಳ್ಳಿ. ನಮ್ಮ ಗೇಟಿನ ಹತ್ತಿರ ಎರಡು ಲೇನಿನ ಪಕ್ಕ ಒಂದಿಷ್ಟು ಮಣ್ಣಿನ ಜಾಗ, ಗಾಡಿಗಳು ಮೂರು ಸಾಲಾಗಿ ನಿಲ್ಲುತ್ತಿದ್ದವು. ಮುಂದೆ ದೇವಸ್ಥಾನದ ಹತ್ತಿರ ಎರಡೇ ಸಾಲು. ಆಮೇಲೆ ಸರ್ಕಲ್ಲಿನಲ್ಲಿ ಮತ್ತೆ ಮೂರು. ಜಾಮ್ ಆಗುತ್ತಿದ್ದದ್ದು ಎಲ್ಲಿ? ದೇವಸ್ಥಾನದ ಹತ್ತಿರ. ಬಾಟಲಿಯಿಂದ ನೀರು ಎಷ್ಟು ವೇಗವಾಗಿ ಬರುತ್ತೆ ಅನ್ನೋದನ್ನು ನಿರ್ಧರಿಸೋದು ಅದರ ಕುತ್ತಿಗೆ, ಹೊಟ್ಟೆಯಲ್ಲ. ರಸ್ತೆಗೂ ಅಷ್ಟೇ. ಮೂರು ಸಾಲು ಎರಡಾಗುವ ಜಾಗದಲ್ಲಿ ಎಲ್ಲರೂ ನುಗ್ಗೋಕೆ ಹೋಗಿ, ಎರಡು ಸಾಲಿಗೆ ಸಿಗಬೇಕಾದ ಹರಿವೂ ಸಿಗದೆ ಹೋಗುತ್ತೆ. ಹೊಸ ನಕ್ಷೆ ಉದ್ದಕ್ಕೂ ಸಮನಾಗಿ ಎರಡೆರಡು ಲೇನ್ ಕೊಡುತ್ತೆ. ಗೇಟಿನ ಹತ್ತಿರ ಮೂರನೆಯ ಲೇನ್ ಕೊಟ್ಟರೆ ಅದು ರಸ್ತೆಯಾಗಲ್ಲ, ದೇವಸ್ಥಾನದ ಮುಂದೆ ಕಾಯೋಕೆ ಒಂದು ಪಾರ್ಕಿಂಗ್ ಆಗುತ್ತೆ. ದೇವಸ್ಥಾನವನ್ನಂತೂ ಯಾರೂ ಸರಿಸೋಕೆ ಹೋಗಲ್ಲ!

ಉದ್ದಕ್ಕೂ ಅಗಲ ಮಾಡಿಬಿಟ್ಟರೆ? ಅಮೆರಿಕದ ನಗರಗಳ ಅಂಕಿಅಂಶ ಇಟ್ಟುಕೊಂಡು ಡ್ಯುರಾಂಟನ್ ಮತ್ತು ಟರ್ನರ್ ಅನ್ನೋ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳೋದು ಇಷ್ಟು: ಹೆದ್ದಾರಿಯ ಲೇನ್ ಎಷ್ಟು ಪಾಲು ಹೆಚ್ಚಾಯ್ತೋ, ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಹೆಚ್ಚಾಯ್ತು. ಇದಕ್ಕೆ ವಿರುದ್ಧ ದಿಕ್ಕಿನ ಅಧ್ಯಯನವೂ ಇದೆ. ಬ್ರಿಟನ್ನಿನ ಕೇರ್ನ್ಸ್, ಅಟ್ಕಿನ್ಸ್, ಗುಡ್‌ವಿನ್ ಸೇರಿ, ಗಾಡಿಗಳಿಂದ ರಸ್ತೆಯ ಜಾಗ ಕಿತ್ತುಕೊಂಡಾಗ ಏನಾಯ್ತು ಅಂತ 11 ದೇಶಗಳ 70ಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿದರು. ಅರ್ಧದಷ್ಟು ಪ್ರಕರಣಗಳಲ್ಲಿ 11%ಕ್ಕಿಂತ ಹೆಚ್ಚು ಗಾಡಿಗಳು ಅಕ್ಕಪಕ್ಕದ ರಸ್ತೆಗಳನ್ನು ಸೇರಿಸಿ ಲೆಕ್ಕ ಹಾಕಿದರೂ ಸಿಗಲಿಲ್ಲ. ಜನ ಸಮಯ ಬದಲಿಸಿದರು, ಬಸ್ಸು ಹಿಡಿದರು, ನಡೆದರು, ಎರಡು ಕೆಲಸಕ್ಕೆ ಒಂದೇ ಸಲ ಹೊರಟರು. ಗಾಡಿ ಅನ್ನೋದು ನೀರಲ್ಲ, ಒಂದು ಕಡೆ ಕಟ್ಟೆ ಹಾಕಿದರೆ ಅಷ್ಟೂ ಇನ್ನೊಂದು ಕಡೆ ಉಕ್ಕೋಕೆ. ಗಾಡಿಯೊಳಗೆ ಯೋಚನೆ ಮಾಡುವ ಮನುಷ್ಯ ಕೂತಿರ್ತಾನೆ.

ಹಾಗಂತ ಎಲ್ಲ ಗಾಡಿಯೂ ಮಾಯ ಆಗುತ್ತೆ ಅಂತ ನಾವು ಹೇಳ್ತಿಲ್ಲ. ಬಸ್ಸೇ ಸರಿಯಾಗಿ ಬರದ ಕಡೆ ಜನ ಬೈಕ್ ಬಿಟ್ಟು ಎಲ್ಲಿಗೆ ಹೋಗ್ಬೇಕು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಮನವಿಪತ್ರ ಬರೆದವರು ಆಂಬುಲೆನ್ಸಿನ ವಿಷಯ ಎತ್ತಿದ್ದಾರೆ, ಅದೂ ಸರಿ. ನಮ್ಮ ಗೇಟಿನಿಂದ ಮುಂದೆ ಒಂದು ನರ್ಸಿಂಗ್ ಹೋಮ್ ಇದೆ. ಆದರೆ ಆಂಬುಲೆನ್ಸಿಗೆ ದಾರಿ ಬೇಕಾದರೆ ಮೂರನೇ ಲೇನ್ ಕೊಟ್ಟು ಅಲ್ಲೂ ಗಾಡಿ ತುಂಬಿಸೋದರಿಂದ ಸಿಗಲ್ಲ. ರಸ್ತೆಯಲ್ಲಿ ಗಾಡಿ ಕಡಿಮೆ ಇದ್ದರೆ ಸಿಗುತ್ತೆ.

ಜಾಗದ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106 ಪ್ರಕಾರ ನಗರದ ರಸ್ತೆಯಲ್ಲಿ ಕಾರಿಗೆ 1 ಪಿಸಿಯು ಅಂತ ಇಟ್ಟುಕೊಂಡರೆ, ಬಸ್ಸಿಗೆ 2.2ರಿಂದ 3.7. ಅಂದರೆ ಜಾಸ್ತಿ ಅಂದರೂ ನಾಲ್ಕು ಕಾರಿನಷ್ಟು. ಬೆಳಗ್ಗೆ ನಮ್ಮ ಬಸ್ಸಿನಲ್ಲಿ ಕೂತವರು, ನಿಂತವರು, ಫುಟ್‌ಬೋರ್ಡಿನಲ್ಲಿ ತೂಗಾಡುವವರು ಎಲ್ಲ ಸೇರಿ ಎಷ್ಟು ಜನ ಇರ್ತೀವಿ? ನಾಲ್ಕು ಕಾರಿನಲ್ಲಿ ಎಷ್ಟು ಜನ ಇರ್ತಾರೆ? ಈ ಬಸ್ಸಿನವರೆಲ್ಲ ಇಳಿದ ಮೇಲೆ ಫುಟ್‌ಪಾತ್ ಮೇಲೆ ನಡೆಯುವವರೇ. ಫುಟ್‌ಪಾತ್ ಕಿತ್ತುಕೊಳ್ಳೋದು ಅಂದರೆ ಬಸ್ಸಲ್ಲಿ ಬರೋರ ದಾರಿಯ ಕೊನೆಯ ಇನ್ನೂರು ಮೀಟರ್ ಕಿತ್ತುಕೊಳ್ಳೋದು.

ಹಾಗಾದರೆ ತಪ್ಪು ಎಲ್ಲಿದೆ?

ಹೊಸ ನಕ್ಷೆ ಚೆನ್ನಾಗಿದೆ ಅಂತ ಇಷ್ಟೆಲ್ಲ ಹೇಳಿದ ಮೇಲೆ, ಈ ಆರು ತಿಂಗಳ ನರಕ ಯಾಕೆ? ನಮ್ಮ ಪ್ರಕಾರ ತಪ್ಪು ಇರೋದು ಇಲ್ಲಿ: ಕೆಲಸ ಮುಗಿದ ಮೇಲೆ ರಸ್ತೆ ಹೇಗಿರಬೇಕು ಅಂತ ಒಂದು ನಕ್ಷೆ ಇದೆ. ಕೆಲಸ ನಡೆಯುವಾಗ ರಸ್ತೆ ಹೇಗಿರಬೇಕು ಅಂತ ನಕ್ಷೆ ಯಾರ ಹತ್ತಿರವೂ ಇದ್ದ ಹಾಗೆ ಕಾಣಲ್ಲ. ಆ ಅವಧಿಯನ್ನು ಯಾರೂ ರಸ್ತೆ ಅಂತಲೇ ಲೆಕ್ಕಕ್ಕೆ ತಗೊಂಡಿಲ್ಲ. ಅದು "ಸೈಟ್". ಆದರೆ ಸೈಟಿನ ನಡುವೆಯೇ ದಿನಾ ಬೆಳಗ್ಗೆ ನಾವು ಕಾಲೇಜಿಗೆ ಹೋಗ್ತೀವಿ, ಅಜ್ಜಿಯಂದಿರು ಆಸ್ಪತ್ರೆಗೆ ಹೋಗ್ತಾರೆ, ಟೀ ಅಣ್ಣ ಅಂಗಡಿ ತೆಗೀತಾರೆ. ಅಗೆದ ರಸ್ತೆಯೂ ರಸ್ತೆಯೇ.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ಕಾಮಗಾರಿ ನಡೆಯುವ ಜಾಗದಲ್ಲಿ ಸಂಚಾರ ಹೇಗೆ ನಿಭಾಯಿಸಬೇಕು ಅಂತಲೇ ಐಆರ್‌ಸಿ ಎಸ್‌ಪಿ 55 ಅನ್ನೋ ಪೂರ್ತಿ ಕೈಪಿಡಿ ಇದೆ, 2014ರಲ್ಲಿ ಪರಿಷ್ಕರಿಸಿದ್ದು. ಅದು ಕೆಲಸದ ಜಾಗವನ್ನು ನಾಲ್ಕು ಭಾಗ ಮಾಡುತ್ತೆ. ಮುಂದೆ ಕೆಲಸ ಇದೆ ಅಂತ ದೂರದಲ್ಲೇ ಎಚ್ಚರಿಸುವ ಭಾಗ, ಗಾಡಿಗಳನ್ನು ನಿಧಾನವಾಗಿ ಓರೆಯಾಗಿ ಪಕ್ಕದ ಲೇನಿಗೆ ಸರಿಸುವ ಭಾಗ, ಕೆಲಸ ನಡೆಯುವ ಭಾಗ, ಮತ್ತೆ ಮೊದಲಿನ ಲೇನಿಗೆ ಬಿಡುವ ಭಾಗ. ನಮ್ಮ ರಸ್ತೆಯಲ್ಲಿ ಇರೋದು ಮೂರನೆಯದು ಮಾತ್ರ! ಎಚ್ಚರಿಕೆ ಅಂದರೆ ಮರದ ಕೊಂಬೆಗೆ ಕಟ್ಟಿದ ಕೆಂಪು ಬಟ್ಟೆ. ಅದು ಕಾಣುವ ಹೊತ್ತಿಗೆ ಮುಂದಿನ ಚಕ್ರ ಮಣ್ಣಿನ ಗುಡ್ಡೆ ಹತ್ತಿರುತ್ತೆ. ಹಾಗೇ ಪಾದಚಾರಿಗಳ ಬಗ್ಗೆ ಐಆರ್‌ಸಿ 103 ಅನ್ನೋದೊಂದಿದೆ. ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಅನ್ನುತ್ತೆ. ಕೆಲಸ ನಡೆಯುವಾಗ ಅಷ್ಟು ಕೊಡೋಕಾಗದೆ ಇರಬಹುದು. ಎರಡು ಗಾಲಿಕುರ್ಚಿ ಬೇಡ, ಒಬ್ಬ ಮನುಷ್ಯ ಕೊಡೆ ಹಿಡಿದು ಹೋಗುವಷ್ಟಾದರೂ ಬಿಟ್ಟು, ಎರಡೂ ಬದಿ ತಡೆ ಕಟ್ಟಿ, ರಾತ್ರಿ ಒಂದು ದೀಪ ಹಾಕಿದ್ದರೆ ನಮ್ಮ ಹುಡುಗಿಯ ಮೂಳೆ ಮುರಿಯುತ್ತಿರಲಿಲ್ಲ.

ಎರಡನೇ ತಪ್ಪು, ಇಡೀ ಉದ್ದವನ್ನು ಒಂದೇ ಸಲ ಅಗೆದದ್ದು. ಕಂಟ್ರಾಕ್ಟರಿಗೆ ಅದು ಸುಲಭ. ಜೆಸಿಬಿ ಬಾಡಿಗೆಗೆ ಬಂದಾಗ ಅಗೆಯೋ ಕೆಲಸವೆಲ್ಲ ಮುಗಿಸಿಬಿಟ್ಟರೆ ಅವರ ಲೆಕ್ಕ ಸರಿಹೋಗುತ್ತೆ. ಆಮೇಲೆ ಪೈಪಿನವರು ಬರೋತನಕ ಗುಂಡಿ ಹಾಗೇ ಬಿದ್ದಿರುತ್ತೆ. ನೂರು ಮೀಟರ್ ಅಗೆದು, ಪೈಪು ಹಾಕಿ, ಮುಚ್ಚಿ, ನಡೆಯೋಕೆ ಬಿಟ್ಟುಕೊಟ್ಟು, ಆಮೇಲೆ ಮುಂದಿನ ನೂರು ಮೀಟರಿಗೆ ಹೋದರೆ, ಒಟ್ಟು ಕೆಲಸಕ್ಕೆ ಸ್ವಲ್ಪ ಹೆಚ್ಚು ದಿನ ಹಿಡಿಯಬಹುದು. ಆದರೆ ಒಂದು ಅಂಗಡಿಯ ಮುಂದೆ ಗುಂಡಿ ಇರೋದು ಆರು ತಿಂಗಳಲ್ಲ, ಕೆಲವೇ ವಾರ. "ಬೇಗ ಮುಗಿಸಿ" ಅನ್ನೋ ಒಂದೇ ಮಾತಿನಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತೆ. ಬೇಗ ಅಂತ ಅವಸರ ಮಾಡಿಸಿದರೆ ಇನ್ನೊಂದು ಅಪಾಯವೂ ಇದೆ. ಕಾಂಕ್ರೀಟಿನ ಲೆಕ್ಕದ ಶಕ್ತಿಯನ್ನು ನೋಡೋದು 28 ದಿನಕ್ಕೆ. ಗೋಣಿಚೀಲ ಹೊದಿಸಿ ನೀರು ಹಾಕಿ ಕ್ಯೂರಿಂಗ್ ಮಾಡೋ ದಿನಗಳನ್ನು ನಮ್ಮ ಸಹಿಗಳಿಗೆ ಹೆದರಿ ಕಡಿಮೆ ಮಾಡಿದರೆ, ಮುಂದಿನ ಮಳೆಗಾಲಕ್ಕೆ ಬಿರುಕು ನೋಡೋರೂ ನಾವೇ.

ಮರುನಿರ್ಮಾಣದ ಕಷ್ಟ ಆಮೇಲೆ ಮರೆತುಹೋಗುತ್ತೆ ಅನ್ನೋದೂ ನಿಜ. ಚರ್ಚ್ ಸ್ಟ್ರೀಟಿಗೆ ನಾವೆಲ್ಲ ಶನಿವಾರ ಪುಸ್ತಕ ನೋಡೋಕೆ, ಕಾಫಿ ಕುಡಿಯೋಕೆ ಹೋಗ್ತೀವಲ್ಲ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆವರೆಗೆ ಮುಕ್ಕಾಲು ಕಿಲೋಮೀಟರ್ ಆಸುಪಾಸಿನ ಬೀದಿ. 2017ರಲ್ಲಿ ಅದನ್ನು ಅಗೆದು, ಕಲ್ಲು ಹಾಸಿ, 2018ರ ಮಾರ್ಚ್‌ನಲ್ಲಿ ಬಿಟ್ಟುಕೊಟ್ಟರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಗಾಡಿಗಳನ್ನೇ ಬಿಡದೆ ನಡೆಯುವವರಿಗೆ ಕೊಟ್ಟು ನೋಡಿದರು. ಇವತ್ತು ಅಲ್ಲಿ ಫೋಟೋ ತೆಗೆಸಿಕೊಳ್ಳುವ ನಮಗೆ ಅಗೆದ ದಿನಗಳ ಧೂಳು ಗೊತ್ತಿಲ್ಲ. ಆದರೆ ಆ ಧೂಳಿನಲ್ಲಿ ಅಂಗಡಿ ತೆಗೆದು ಕೂತವರಿಗೆ ಗೊತ್ತಿರುತ್ತೆ. ಮುಗಿದ ಮೇಲೆ ಬರೋ ಲಾಭ ಎಲ್ಲರಿಗೂ, ಆಗುವಾಗಿನ ನಷ್ಟ ಮಾತ್ರ ಆ ಬೀದಿಯವರಿಗೆ ಅನ್ನೋದು ನ್ಯಾಯ ಅಲ್ಲ.

ನಮ್ಮ ಪಾಲು ಎಷ್ಟು?

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಈ ಲೇಖನ ಬರೆದ ನಮ್ಮಲ್ಲೂ ಅರ್ಧದಷ್ಟು ಜನ ಬೈಕಲ್ಲಿ, ಸ್ಕೂಟಿಯಲ್ಲಿ ಬರೋರೇ. ಎರಡು ವಾರದ ಹಿಂದೆ ನಮ್ಮಲ್ಲಿಬ್ಬರು ಇಂಟರ್ನಲ್ಸಿಗೆ ಲೇಟಾಯ್ತು ಅಂತ, ಹೊಸದಾಗಿ ಕಾಂಕ್ರೀಟ್ ಹಾಕಿದ್ದ ಫುಟ್‌ಪಾತ್ ಮೇಲೆ ಗಾಡಿ ಹತ್ತಿಸಿದರು. ಅಲ್ಲಿ ಕೆಲಸ ಮಾಡ್ತಿದ್ದ ಮೇಸ್ತ್ರಿ, ಕಲಬುರಗಿ ಕಡೆಯವರು, ಓಡಿಬಂದು ಗಾಡಿ ಹಿಡಿದರು. "ಏನ್ರೀ, ನಾಳೆ ನೀವು ಇಂಜಿನಿಯರ್ ಆಗೋರು ಅಲ್ರೀ? ನಿನ್ನಿ ಹಾಕಿದ ಕಾಂಕ್ರೀಟ್ ಮ್ಯಾಲೆ ಗಾಡಿ ಹೊಡಿತೀರಲ್ಲ!" ಅಂದರು. ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಚಕ್ರದ ಗುರುತು ಇನ್ನೂ ಅಲ್ಲೇ ಇದೆ, ಎರಡನೇ ಲೈಟುಕಂಬದ ಹತ್ತಿರ, ಹೋಗಿ ನೋಡಬಹುದು.

ಆ ನಾಲ್ಕರಲ್ಲಿ ಒಂದು ಗಾಡಿಯ ಲೆಕ್ಕ ನೆನಪಿದೆಯಲ್ಲ? ಬೆಳಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಹಿಂಗೇಟಿನ ರಸ್ತೆಯಲ್ಲಿ ಇರುವ ಗಾಡಿಗಳಲ್ಲಿ ನಮ್ಮವೇ ಎಷ್ಟು ಅಂತ ಗೇಟಿನ ಮೇಲಿನ ಮಹಡಿಯಿಂದ ಒಂದು ದಿನ ನೋಡಿ. ಎಂಟೂ ಬ್ರಾಂಚಿನ ಎಲ್ಲ ವರ್ಷದವರಿಗೂ ಒಂಬತ್ತಕ್ಕೇ ಮೊದಲ ಕ್ಲಾಸು. ಎಲ್ಲರೂ ಒಂದೇ ಅರ್ಧ ಗಂಟೆಯಲ್ಲಿ, ಒಂದೇ ಗೇಟಿಗೆ, ಬಹುಪಾಲು ಒಂದು ಗಾಡಿಗೆ ಒಬ್ಬರಂತೆ. ಸಂಚಾರ ಅಡಚಣೆ ಅಂತ ನಾವು ಬೈಯೋದರಲ್ಲಿ ಒಂದು ದೊಡ್ಡ ಪಾಲು ನಾವೇ ಇದ್ದೀವಿ. ಇದು ಬೇಜಾರಿನ ಸುದ್ದಿ ಅಲ್ಲ. ಇಲಾಖೆ, ಕಂಟ್ರಾಕ್ಟರ್ ಯಾರನ್ನೂ ಕಾಯದೆ ನಾವೇ ಸರಿಮಾಡಬಹುದಾದ ಭಾಗ ಇದು.

ಹಾಗಾಗಿ ನಾವು ಬೇರೊಂದು ಮನವಿಪತ್ರ ಬರೆದಿದ್ದೀವಿ. ಅದರಲ್ಲಿ ಮೂರು ಭಾಗ.

ಕಾಲೇಜಿಗೆ: ಕಾಮಗಾರಿ ಮುಗಿಯುವವರೆಗೆ ಮೊದಲ ಕ್ಲಾಸನ್ನು ಎರಡು ಹೊತ್ತಿಗೆ ಹಂಚಿ. ಫಸ್ಟ್, ಸೆಕೆಂಡ್ ಇಯರಿಗೆ ಎಂಟೂವರೆ, ಥರ್ಡ್, ಫೈನಲ್ ಇಯರಿಗೆ ಒಂಬತ್ತೂವರೆ. ಮುಂಗೇಟಿನ ಪಾರ್ಕಿಂಗನ್ನು ಸ್ಟೂಡೆಂಟ್ಸಿಗೂ ತೆಗೆಯಿರಿ. ಸರ್ಕಲ್ಲಿನ ಆಚೆ ಬಸ್ಸು ಇಳಿದು ನಡೆದು ಬರೋರಿಗೆ ಹಾಸ್ಟೆಲ್ ಕಡೆಯ ಚಿಕ್ಕ ಗೇಟನ್ನು ಬೆಳಗ್ಗೆ ಸಂಜೆ ತೆರೆದಿಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಒಬ್ಬರು ಸೆಕ್ಯೂರಿಟಿ ಅಣ್ಣ, ಒಂದು ಬೀಗದ ಕೈ, ಒಂದು ಟೈಮ್‌ಟೇಬಲ್ ಸಾಕು.

ಕಾಮಗಾರಿ ನಡೆಸುವವರಿಗೆ: ಫುಟ್‌ಪಾತ್ ಅಗಲ ಕಡಿಮೆ ಮಾಡಬೇಡಿ. ಅಗೆದಿರುವುದರಲ್ಲಿ ಒಂದು ಬದಿಯನ್ನು ಪೂರ್ತಿ ಮುಗಿಸಿ, ನಡೆಯೋಕೆ ಬಿಟ್ಟು, ಆಮೇಲೆ ಇನ್ನೊಂದು ಬದಿಗೆ ಹೋಗಿ. ಪ್ರತಿ ಅಂಗಡಿ, ಮನೆಯ ಮುಂದೆ ಕೈಪಿಡಿ ಕಂಬಿ ಇರುವ ಗಟ್ಟಿ ಹಲಗೆ ಹಾಕಿ. ತಾತ್ಕಾಲಿಕ ಬಸ್ ಸ್ಟಾಪಿಗೆ ಒಂದು ಬೋರ್ಡ್ ನಿಲ್ಲಿಸಿ. ಚೇಂಬರಿಗೆ ಮುಚ್ಚಳ, ರಾತ್ರಿಗೆ ದೀಪ. ಮತ್ತೆ ಎಲ್ಲರಿಗೂ ಕಾಣುವ ಹಾಗೆ ಒಂದು ಫಲಕ: ಈ ಭಾಗದಲ್ಲಿ ಯಾವ ಕೆಲಸ, ಯಾವತ್ತು ಶುರು, ಯಾವತ್ತು ಮುಗಿಯುತ್ತೆ, ಯಾರಿಗೆ ಫೋನ್ ಮಾಡಬೇಕು. ಅದೂ ಕನ್ನಡದಲ್ಲಿ. ದಿನಾಂಕ ತಪ್ಪಿದರೆ ಹೊಸ ದಿನಾಂಕ ಬರೆಯಲಿ, ಪರವಾಗಿಲ್ಲ. ಏನೂ ಬರೆಯದೆ ಇರೋದೇ ಜನರಿಗೆ ಸಿಟ್ಟು ತರಿಸೋದು.

ನಮಗೆ: ಒಂದು ಗಾಡಿಯಲ್ಲಿ ಇಬ್ಬರು. ಒಂದೇ ಏರಿಯಾದಿಂದ ಬರೋರ ಪಟ್ಟಿಯನ್ನು ಪ್ರತಿ ಕ್ಲಾಸಿನ ಸಿಆರ್ ಮಾಡಲಿ. ಹೆಲ್ಮೆಟ್ ಹಿಂದಿನವರಿಗೂ ಬೇಕು, ಅದನ್ನು ಬೇರೆ ಹೇಳಬೇಕಾ? ಒನ್‌ವೇಯಲ್ಲಿ ಉಲ್ಟಾ ನುಗ್ಗೋದಿಲ್ಲ, ಫುಟ್‌ಪಾತ್ ಹತ್ತೋದಿಲ್ಲ. ಇನ್ನೊಂದು ಕೆಲಸಕ್ಕೆ ಸಿವಿಲ್‌ನವರ ಸಹಾಯ ಬೇಕು. ಮುಂದಿನ ವಾರ ಮೂರು ದಿನ ಬೆಳಗ್ಗೆ ಒಂದೊಂದು ಗಂಟೆ ಗೇಟಿನ ಹತ್ತಿರ ನಿಂತು ಎಣಿಸೋಣ. ಗಾಡಿ ಎಷ್ಟು, ಬಸ್ಸು ಎಷ್ಟು, ಪ್ರತಿಯೊಂದರಲ್ಲಿ ಜನ ಎಷ್ಟು, ನಡೆದು ಹೋದವರು ಎಷ್ಟು. ಕ್ಲಾಸಿನ ಸಮಯ ಬದಲಾದ ಮೇಲೆ ಮತ್ತೆ ಮೂರು ದಿನ ಎಣಿಸೋಣ. ನಮ್ಮ ಸೂತ್ರದ ಲೆಕ್ಕ ತಪ್ಪು ಅಂತ ಬಂದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಹಾಕ್ತೀವಿ. ಸಿಎಸ್‌ನವರು ಆ್ಯಪ್ ಮಾಡ್ತೀವಿ ಅಂತ ಈಗಾಗಲೇ ಹೊರಟಿದ್ದಾರೆ. ಬೇಡ ಗುರು, ಸದ್ಯಕ್ಕೆ ಪೆನ್ನು ಪೇಪರ್ ಸಾಕು.

ಮೊದಲ ಮನವಿಪತ್ರಕ್ಕೆ ಸಹಿ ಹಾಕಿದವರ ಮೇಲೆ ನಮಗೆ ಕೋಪ ಇಲ್ಲ. ಅದನ್ನು ಬರೆದವರಲ್ಲಿ ಇಬ್ಬರು ನಮ್ಮ ಕ್ಲಬ್ಬಿನವರೇ, ಈ ಲೇಖನದ ಕರಡನ್ನು ಓದಿ ತಿದ್ದಿಯೂ ಕೊಟ್ಟಿದ್ದಾರೆ. ಲೇನಿನ ವಿಷಯದಲ್ಲಿ ಅವರಿನ್ನೂ ಪೂರ್ತಿ ಒಪ್ಪಿಲ್ಲ, ಆದರೆ ದೀಪ, ಹಲಗೆ, ಕ್ಲಾಸಿನ ಸಮಯ ಮೂರಕ್ಕೂ ಸಹಿ ಹಾಕಿದ್ದಾರೆ. ಈ ವಾರ ಆ ಹೊಸ ಮನವಿಪತ್ರ ಲೈಬ್ರರಿ ಬಾಗಿಲಲ್ಲಿ ಇರುತ್ತೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಶುಕ್ರವಾರ ಪ್ರಿನ್ಸಿಪಾಲರಿಗೂ, ಸೋಮವಾರ ವಾರ್ಡಿನ ಇಂಜಿನಿಯರ್ ಕಚೇರಿಗೂ ಕೊಡ್ತೀವಿ. ಬರೋರು ನಮ್ಮ ಜೊತೆ ಬನ್ನಿ.

ಇನ್ನೊಂದು ಪ್ರತಿ ಹಿಂಗೇಟಿನ ಟೀ ಅಂಗಡಿಯಲ್ಲಿದೆ. ಮೊದಲ ಸಹಿ ಅಣ್ಣನದು, ಅದರ ಕೆಳಗೆ ಮೇಸ್ತ್ರಿಯವರದು. ಹಲಗೆ ಸ್ವಲ್ಪ ಅಲ್ಲಾಡುತ್ತೆ, ಹುಷಾರಾಗಿ ದಾಟಿ ಹೋಗಿ. ಹೋದಾಗ ಒಂದು ಟೀನೂ ಕುಡಿದು ಬನ್ನಿ.